ತರ್ದವಾಡಿಯ ಮಣ್ಣಿನಿಂದ ಎದ್ದ ಬಿಜ್ಜಳ

ಹೊರಗಿನವರು ವಿಜಯಪುರಕ್ಕೆ ಬಂದರೆ ಗೋಳಗುಮ್ಮಟದ ದಾರಿ ಕೇಳುತ್ತಾರೆ. ಭೀಮಾ ದಂಡೆಯ ತದ್ದೇವಾಡಿಗೆ ಹೇಗೆ ಹೋಗಬೇಕು ಎಂದು ಈತನಕ ನನ್ನನ್ನು ಯಾರೂ ಕೇಳಿಲ್ಲ. ಶಾಸನಗಳಲ್ಲಿ ಬರುವ 'ತರ್ದವಾಡಿ ಸಾಸಿರ' ನಾಡಿಗೆ ಹೆಸರು ಕೊಟ್ಟ ಊರು ಅದು. ನಮ್ಮ ಈ ಎರೆಹೊಲಗಳ ಸೀಮೆಯಿಂದಲೇ ಒಂದು ರಾಜ್ಯ ಎದ್ದಿತ್ತು!

ಆ ರಾಜ್ಯ ಕಟ್ಟಿದ ಕಲಚೂರಿಗಳು ತಮ್ಮನ್ನು ಕಾಲಂಜರದ ಒಡೆಯರ ವಂಶದವರೆಂದು ಕರೆದುಕೊಂಡರು. ಇದ್ದದ್ದು ಮಾತ್ರ ಮಂಗಳವಾಡದಲ್ಲಿ, ಅಂದರೆ ಈಗಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ. ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಾಂಡಲಿಕರು. ಪೆರ್ಮಾಡಿ ತರ್ದವಾಡಿಯನ್ನು ಆಳಿದ. ಅವನ ಮಗನೇ ಇಮ್ಮಡಿ ಬಿಜ್ಜಳ. ಚಾಲುಕ್ಯ ಒಡೆಯ ಮೂರನೆಯ ತೈಲಪ ಸೋತು ಸೊರಗಿದ್ದನ್ನು ಕಂಡು ಬಿಜ್ಜಳ ಮೆಲ್ಲಗೆ ಬಿರುದು ಏರಿಸಿಕೊಂಡ. 1162ರ ಸುಮಾರಿಗೆ ಕಲ್ಯಾಣದ ಸಿಂಹಾಸನ ಅವನದೇ ಆಯಿತು.

ಅವನ ಭಂಡಾರ ನೋಡಿಕೊಂಡವರು ಯಾರು? ನಮ್ಮ ಬಾಗೇವಾಡಿಯ ಬಸವಣ್ಣ. ನನಗೆ ಈ ಕಥೆಯ ಹುಚ್ಚು ಹಿಡಿದದ್ದೇ ಇಲ್ಲಿ. ಅರಸನೂ ಭಂಡಾರಿಯೂ ಒಂದೇ ನಾಡಿನ ನಂಟಿನವರು. ಒಬ್ಬ ಕಲ್ಯಾಣದ ಸಿಂಹಾಸನ ಏರಿದ, ಇನ್ನೊಬ್ಬರು ಅದೇ ಊರಿನಲ್ಲಿ ಕಸುಬು, ಕುಲ ಕೇಳದ ಅನುಭವ ಮಂಟಪ ಕಟ್ಟಿದರು. ಸಮಗಾರ ಹರಳಯ್ಯನ ಮಗನಿಗೆ, ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳನ್ನು ಕೊಟ್ಟರು. ಶರಣರ ಕಣ್ಣಿಗೆ ಅದು ಶರಣರ ಮನೆಯ ಮದುವೆ. ಆಸ್ಥಾನಕ್ಕೆ ವರ್ಣಸಂಕರ. ಹರಳಯ್ಯ, ಮಧುವರಸರ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣ ಪರಂಪರೆ ಹೇಳುತ್ತದೆ. ಇಷ್ಟು ವರ್ಷ ಓದಿದರೂ ಈ ಮಾತಿಗೆ ಬಂದಾಗ ಪುಸ್ತಕ ಮುಚ್ಚಿಡುತ್ತೇನೆ. ಗಡಿ ಕಾಯಬಲ್ಲ ಅರಸನಿಗೆ ಒಂದು ಮದುವೆಯ ಚಪ್ಪರ ಕಾಯಲಾಗಲಿಲ್ಲ.

ಆಮೇಲೆ ಕಲ್ಯಾಣ ಹೊತ್ತಿ ಉರಿಯಿತು. ಶರಣರು ಉಳವಿಯತ್ತ, ಕೂಡಲಸಂಗಮದತ್ತ ಚದುರಿದರು. ಬಿಜ್ಜಳನನ್ನು ಜಗದೇವ, ಬೊಮ್ಮಯ್ಯರು ಕೊಂದರೆಂದು ಶರಣರ ಕಥೆ. ಧರಣಿ ಪಂಡಿತನ 'ಬಿಜ್ಜಳರಾಯ ಚರಿತೆ' ವಿಷದ ಮಾತು ಹೇಳುತ್ತದೆ. ಶಾಸನಗಳಲ್ಲಿ ಮಾತ್ರ 1167-68ರ ಹೊತ್ತಿಗೆ ಮಗ ಸೋವಿದೇವ ಅರಸನಾಗಿದ್ದಾನೆ. ಅವನ ರಾಣಿ ಸಾವಳದೇವಿ ಹಾಡು, ಕುಣಿತದಲ್ಲಿ ಹೆಸರಾದವಳು. ಆ ಮನೆತನದ ಕತ್ತಲಲ್ಲಿ ನನಗೆ ಕಾಣುವ ಒಂದು ದೀಪ. ಬಿಜ್ಜಳನ ಉಳಿದ ಮಕ್ಕಳು ಒಬ್ಬರ ಹಿಂದೊಬ್ಬರು ಬಂದರು, ಹೋದರು. 1184ರ ಹೊತ್ತಿಗೆ ನಾಲ್ಕನೆಯ ಸೋಮೇಶ್ವರ ಸೇನಾಪತಿ ಬ್ರಹ್ಮನ ಬಲದಿಂದ ಚಾಲುಕ್ಯರ ಗಾದಿಯನ್ನು ಮರಳಿ ಪಡೆದ. ಕಲಚೂರಿಗಳದು ಇಪ್ಪತ್ತು ಚಿಲ್ಲರೆ ವರ್ಷ, ಅಷ್ಟೇ.

ತಿಕೋಟಾ, ಬಬಲೇಶ್ವರದ ಕಡೆ ಬಸವ ಜಯಂತಿಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ ಮೆರೆಸುತ್ತಾರೆ. ಆಗ ನನಗೆ ಕಲಚೂರಿಗಳ ಚಿನ್ನದ ವೃಷಭಧ್ವಜ ನೆನಪಾಗುತ್ತದೆ. ಎತ್ತು ಅವರ ಬಾವುಟದಲ್ಲೂ ಇತ್ತು. ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿ 1260ರ ಒಂದು ಶಿಲಾಶಾಸನವಿದೆ. ತರ್ದವಾಡಿಯ ನಡುವಿನ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜ ಎಂದು ಅದರಲ್ಲಿ ಕೆತ್ತಿದ್ದಾರೆ. ಅಷ್ಟರಲ್ಲಿ ಕಲಚೂರಿಗಳ ರಾಜ್ಯ ಅಳಿದು ಮುಕ್ಕಾಲು ಶತಮಾನ ಕಳೆದಿತ್ತು. ತರ್ದವಾಡಿಯ ಹೆಸರನ್ನು ಆ ಕಲ್ಲಿಗೆ ಒಯ್ದದ್ದು ಅವರ ಭಂಡಾರಿಯ ಹೆಸರು.