‘ಇರಬಹುದು’ ಅನ್ನೋದು ‘ಇದೆ’ ಆದಾಗ

ಸರ್ಕಾರ ಬೇಹುಗಾರಿಕೆ ವರದಿಯನ್ನು ತಿರುಚಿಸುತ್ತೆ ಅಂದ್ರೆ ನಿಮ್ಮ ಕಣ್ಮುಂದೆ ಏನು ಬರುತ್ತೆ? ಮಂತ್ರಿಯೊಬ್ಬರು ಫೋನ್ ಮಾಡಿ ‘ಹೀಗೇ ಬರೀರಿ’ ಅಂತ ಗದರಿಸ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಇರಾಕ್ ಯುದ್ಧದ ಬಗ್ಗೆ ಓದಿದ ಮೇಲೆ ಗೊತ್ತಾಯ್ತು, ಅಷ್ಟೆಲ್ಲ ಬೇಕಾಗೇ ಇಲ್ಲ.

2002ರ ಅಕ್ಟೋಬರ್. ಅಮೆರಿಕದ ಗುಪ್ತಚರ ಸಂಸ್ಥೆಗಳು ಸೇರಿ ಒಂದು ರಹಸ್ಯ ವರದಿ ಬರೆದವು. ಇರಾಕ್ ಬಳಿ ರಾಸಾಯನಿಕ, ಜೈವಿಕ ಅಸ್ತ್ರಗಳಿವೆ, ಅಣುಬಾಂಬಿನ ಕೆಲಸ ಮತ್ತೆ ಶುರುವಾಗಿದೆ ಅನ್ನೋದು ಅದರ ಸಾರ. ಆದರೆ ‘ಇದು ನಮ್ಮ ಅಂದಾಜು’ ಅನ್ನೋ ಮಾತೂ ಅದರಲ್ಲಿತ್ತು.

ಭಿನ್ನಮತವೂ ಇತ್ತು. ಇರಾಕ್ ತರಿಸಲು ಹೊರಟಿದ್ದ ಅಲ್ಯೂಮಿನಿಯಂ ಕೊಳವೆಗಳು ಬಾಂಬಿನ ಯುರೇನಿಯಂ ತಯಾರಿಸೋ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಅಂತ ಸಿಐಎ ಹೇಳ್ತು. ಆ ಯಂತ್ರಗಳನ್ನು ಚೆನ್ನಾಗಿ ಬಲ್ಲ ಇಂಧನ ಇಲಾಖೆ ತಜ್ಞರು ಒಪ್ಪಲಿಲ್ಲ. ಮಾಮೂಲಿ ರಾಕೆಟ್‌ಗೆ ಇರಬೇಕು ಅಂದ್ರು.

ಅದೇ ತಿಂಗಳು ಜನರಿಗಾಗಿ ಒಂದು ಚಿಕ್ಕ ಆವೃತ್ತಿ ಹೊರಬಂತು. ಅದರಲ್ಲಿ ‘ನಮ್ಮ ಅಂದಾಜು’ ಅನ್ನೋ ಮಾತು ಬಹುತೇಕ ಮಾಯ. ಒಪ್ಪದ ತಜ್ಞರು ಬರೀ ‘ಕೆಲವರು’ ಆಗಿದ್ರು. ಯಾವ ಇಲಾಖೆಯವರು, ಏನು ಬಲ್ಲವರು ಅನ್ನೋದೇ ಇಲ್ಲ.

2003ರ ಮಾರ್ಚ್‌ನಲ್ಲಿ ಯುದ್ಧ ಶುರುವಾಯ್ತು. ಸತ್ತ ಇರಾಕಿಗಳ ಸಂಖ್ಯೆ ಲಕ್ಷ ದಾಟಿತು. ವರದಿ ಹೇಳಿದ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಕೊಳವೆಗಳು ರಾಕೆಟ್‌ಗೇ ಆಗಿದ್ವು.

ಅಧ್ಯಕ್ಷ ಬುಷ್ ನೇಮಿಸಿದ್ದ ಆಯೋಗ 2005ರಲ್ಲಿ ವರದಿ ಕೊಡ್ತು. ಒತ್ತಡಕ್ಕೆ ಮಣಿದು ವಿಶ್ಲೇಷಕರು ತೀರ್ಮಾನ ಬದಲಿಸಿದ್ದಕ್ಕೆ ಪುರಾವೆ ಇಲ್ಲ, ಅವರ ವಿಶ್ಲೇಷಣೆಯೇ ತಪ್ಪಿತ್ತು ಅಂತು. ಆದರೆ, ಎಲ್ಲರೂ ನಂಬಿದ್ದನ್ನು ಪ್ರಶ್ನಿಸೋಕೆ ಅನುವಾದ ವಾತಾವರಣ ಅಲ್ಲಿರಲಿಲ್ಲ ಅಂತಲೂ ಹೇಳ್ತು. ನನ್ನನ್ನು ಕಾಡೋದು ಇದೇ. ಆದೇಶ ಕೊಟ್ಟಿದ್ರೆ ಕೊಟ್ಟವರನ್ನು ಹಿಡೀಬಹುದು, ವಾತಾವರಣದ ವಿಷಯದಲ್ಲಿ ಯಾರನ್ನ ಹಿಡಿಯೋದು?

ಎಲ್ಲರೂ ಸುಮ್ಮನಿರಲಿಲ್ಲ. ಆಸ್ಟ್ರೇಲಿಯಾದ ಗುಪ್ತಚರ ವಿಶ್ಲೇಷಕ ಆಂಡ್ರ್ಯೂ ವಿಲ್ಕಿ ಯುದ್ಧಕ್ಕೆ ಕೆಲವೇ ದಿನ ಮೊದಲು ರಾಜೀನಾಮೆ ಕೊಟ್ಟು, ಸರ್ಕಾರದ ವಾದವನ್ನು ಬಹಿರಂಗವಾಗಿ ವಿರೋಧಿಸಿದ್ರು. ಯುದ್ಧ ನಿಲ್ಲಲಿಲ್ಲ. 2010ರಲ್ಲಿ ಜನ ಅವರನ್ನು ಸಂಸತ್ತಿಗೆ ಕಳಿಸಿದ್ರು.

ಹಾಗಾಗಿ, ಮುಂದಿನ ಸಲ ನಿಮ್ಮ ಮೊಬೈಲ್‌ನಲ್ಲಿ ‘ಗುಪ್ತಚರ ಮೂಲಗಳ ಪ್ರಕಾರ’ ಅಂತ ಸುದ್ದಿ ಬಂದಾಗ ಎರಡು ಪ್ರಶ್ನೆ ಕೇಳ್ಕೊಳ್ಳಿ. ಇದು ಅಂದಾಜಾ, ಖಚಿತವಾ? ಒಪ್ಪದವರು ಯಾರಾದ್ರೂ ಇದ್ರಾ? ಉತ್ತರ ಸಿಗೋವರೆಗೂ ಫಾರ್ವರ್ಡ್ ಮಾಡಬೇಡಿ. ಮತ್ತೆ ಸಿಗೋಣ.