ಕಾಯಕಕ್ಕೆ ಮುನ್ನಿನ ಸಾಧನೆ
(ದೇಶನೂರಿನಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದು ನಾವು ಹದಿಮೂರು ಹದಿನಾಲ್ಕು ವಯಸ್ಸಿನ ಮಕ್ಕಳ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ. ಈ ವಯಸ್ಸು ಬಹಳ ಇಕ್ಕಟ್ಟಿನದು. ಮನೆಯ ಹಿರಿಯರು ಒಮ್ಮೆ 'ನೀನಿನ್ನೂ ಕೂಸು, ಸುಮ್ಮನಿರು' ಎನ್ನುತ್ತಾರೆ. ಮರುಗಳಿಗೆಗೆ 'ಇಷ್ಟೆತ್ತರ ಬೆಳೆದಿದ್ದೀ, ನಾಲ್ಕು ಕಾಸು ದುಡಿಯಬಾರದೆ?' ಎನ್ನುತ್ತಾರೆ. ಮಗುವು ಓಡಿದರೆ, ಜಿಗಿದರೆ, ಕಬಡ್ಡಿಯಾಡಿ ಮೈಗೆಲ್ಲ ಮಣ್ಣು ಮಾಡಿಕೊಂಡು ಬಂದರೆ, 'ಇದರಿಂದ ಹೊಟ್ಟೆ ತುಂಬುವುದೇ?' ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ, 'ನಮ್ಮ ಧರ್ಮವೇ ಕಾಯಕದ ಧರ್ಮವಲ್ಲವೆ ಬುದ್ಧೀ, ಮಗನನ್ನು ಬೇಗ ಕೆಲಸಕ್ಕೆ ಹಚ್ಚಿದರೆ ತಪ್ಪೇನು?' ಎಂದು ನಮ್ಮನ್ನೇ ಕೇಳುವುದುಂಟು.

ಈ ಪ್ರಶ್ನೆಗೆ ಉತ್ತರ ಕೊಡುವುದು ಗುರುಪೀಠದ ಕರ್ತವ್ಯ. ಕಾಯಕವೆಂಬ ಶಬ್ದವನ್ನು ಬಿಡಿಸಿ ನೋಡಿರಿ. ಅದರೊಳಗೆ 'ಕಾಯ' ಇದೆ. ಕಾಯವೆಂದರೆ ದೇಹ. ಕಾಯವು ಗಟ್ಟಿಯಾಗುವ ಮೊದಲೇ ಅದರ ಮೇಲೆ ಹೊರೆ ಹೊರಿಸಿದರೆ, ಕಾಯವೂ ಉಳಿಯದು, ಕಾಯಕವೂ ಉಳಿಯದು. ಶರಣರು ದೇಹವನ್ನು ಹೀಗಳೆದವರಲ್ಲ. ಲಿಂಗವನ್ನು ಧರಿಸುವ ಕ್ಷೇತ್ರವೆಂದು ಅದನ್ನು ಗೌರವಿಸಿದವರು. ಆ ಕ್ಷೇತ್ರವನ್ನು ಹದಗೊಳಿಸುವ ಕಾಲವೇ ಬಾಲ್ಯ.

ನೀವು ಭತ್ತದ ಸೀಮೆಯವರು. ನಿಮಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಸಸಿಮಡಿಯ ಬದುವಿನ ಮೇಲೆ ನಿಂತು, 'ಎಷ್ಟು ಚೀಲ ಭತ್ತ ಕೊಡುತ್ತೀ?' ಎಂದು ಸಸಿಯನ್ನು ಕೇಳುವ ರೈತನುಂಟೆ? ಸಸಿಗೆ ಸಸಿಯ ಕಾಲ, ನಾಟಿಗೆ ನಾಟಿಯ ಕಾಲ, ಕೊಯ್ಲಿಗೆ ಕೊಯ್ಲಿನ ಕಾಲ. ಪೈರಿಗೆ ತೋರಿಸುವ ಈ ತಾಳ್ಮೆಯನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ತೋರಿಸಬಾರದೆ?

ಅಣ್ಣ ಬಸವಣ್ಣನವರ ಚರಿತ್ರೆಯನ್ನೇ ನೋಡಿರಿ. ಅವರು ಬಾಲ್ಯದಲ್ಲಿಯೇ ಮನೆಯನ್ನು ತೊರೆದು ಕೂಡಲಸಂಗಮಕ್ಕೆ ಬಂದರೆಂದು ಪುರಾಣಗಳು ಹೇಳುತ್ತವೆ. ಅಲ್ಲಿ ಗುರುಸನ್ನಿಧಿಯಲ್ಲಿ ವರ್ಷಗಟ್ಟಲೆ ವಿದ್ಯೆಯನ್ನೂ ಶಿವಪೂಜೆಯನ್ನೂ ಸಾಧಿಸಿದರು. ಆ ಬಳಿಕವೇ ಅವರು ಮಂಗಳವಾಡಕ್ಕೆ ಹೋಗಿ ಬಿಜ್ಜಳನಲ್ಲಿ ಕರಣಿಕರಾದದ್ದು. ಅದು ಅವರ ಮೊದಲ ಉದ್ಯೋಗ. ಲೆಕ್ಕದಲ್ಲಿ ಒಂದು ಕಾಸೂ ಹೆಚ್ಚುಕಡಿಮೆಯಾಗದಂತೆ ನಡೆದ ಆ ಶುದ್ಧಿ ಭಂಡಾರದಲ್ಲಿ ಹುಟ್ಟಿದ್ದಲ್ಲ. ಸಂಗಮದಲ್ಲಿ ಬೆಳೆದು ಬಂದದ್ದು. ಮೊದಲ ಸಂಬಳಕ್ಕೆ ಮುಂಚಿನ ವರ್ಷಗಳು ವ್ಯರ್ಥವಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಕಾಲದ ಒಂದು ಉದಾಹರಣೆ. ಬೆಂಗಳೂರಿನಲ್ಲಿ ಧಿನಿಧಿ ದೇಸಿಂಗು ಎಂಬ ಬಾಲಿಕೆ ಇದ್ದಾಳೆ. 2024ರ ಜುಲೈ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಾಗ ಆಕೆಗೆ ವಯಸ್ಸು 14. ಭಾರತದ ತಂಡದಲ್ಲಿ ಎಲ್ಲರಿಗಿಂತ ಕಿರಿಯಳು. ವಿಶೇಷವೇನೆಂದರೆ, ಚಿಕ್ಕಂದಿನಲ್ಲಿ ಆಕೆಗೆ ಮಾತು ತಡವಾಗಿ ಬಂದಿತು; ನಾಲ್ಕು ಮಕ್ಕಳೊಡನೆ ಬೆರೆಯಲಿ ಎಂದು ತಂದೆತಾಯಿ ಈಜಿಗೆ ಸೇರಿಸಿದರು. ಮೊದಮೊದಲು ಆಕೆಗೆ ನೀರೆಂದರೆ ಆಗುತ್ತಿರಲಿಲ್ಲ. ಪದಕದ ಆಸೆಯಿಂದ ಆರಂಭವಾದುದಲ್ಲ ಅದು. ಮಗುವಿನ ಮನಸ್ಸು ಅರಳಲೆಂದು ಆರಂಭವಾದುದು.

ಪ್ಯಾರಿಸ್ಸಿನಲ್ಲಿ ಆಕೆ 200 ಮೀಟರ್ ದೂರವನ್ನು 2 ನಿಮಿಷ 6.96 ಸೆಕೆಂಡುಗಳಲ್ಲಿ ಈಜಿದಳು. ಒಟ್ಟಿನಲ್ಲಿ 23ನೆಯ ಸ್ಥಾನ. ಮುಂದಿನ ಸುತ್ತಿಗೆ ಹೋಗುವವರು 16 ಮಂದಿ ಮಾತ್ರ; ಆದುದರಿಂದ ಅಲ್ಲಿಗೆ ಆಕೆಯ ಸ್ಪರ್ಧೆ ಮುಗಿಯಿತು. ಲೋಕದ ಲೆಕ್ಕದಲ್ಲಿ ಅದು ಸೋಲು. ಆದರೆ ಆಕೆ ಮನೆಗೆ ಬಂದು ಕೈಕಟ್ಟಿ ಕೂಡಲಿಲ್ಲ. ಮರುವರ್ಷ, 2025ರಲ್ಲಿ, ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕರ್ನಾಟಕದ ಪರವಾಗಿ ಈಜಿ 9 ಚಿನ್ನದ ಪದಕಗಳನ್ನು ತಂದಳು. ಅದಕ್ಕೂ ಬಹಳ ಹಿಂದೆ, 1952ರಲ್ಲಿ, ಬಂಗಾಳದ ಆರತಿ ಸಾಹಾ ಎಂಬ 11 ವರ್ಷದ ಹುಡುಗಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಈಜಿದ್ದಳು. ಅಲ್ಲಿ ಪದಕ ಬರಲಿಲ್ಲ. 1959ರಲ್ಲಿ ಆಕೆಯೇ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆಯಾದಳು. ಸೋಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಎಳೆಯ ವಯಸ್ಸಿನಲ್ಲಿಯೇ ಬಂದರೆ, ಮುಂದೆ ಯಾವ ಕಾಯಕದಲ್ಲಿಯೂ ಆ ಜೀವ ಕುಗ್ಗುವುದಿಲ್ಲ.

'ಅದು ಬೆಂಗಳೂರು, ಅಲ್ಲಿ ಈಜುಕೊಳವುಂಟು, ತರಬೇತಿ ಉಂಟು. ನಮ್ಮಲ್ಲಿ ಏನಿದೆ?' ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ತಾಯಿಯೂ ನಾಟಿಯ ಕೂಲಿಗೆ ಹೋದರೇನೇ ಒಲೆ ಹೊತ್ತುವ ಮನೆಗಳು ಇಲ್ಲಿವೆ. ಆ ಕಷ್ಟವನ್ನು ನಾವು ಅರಿಯದವರಲ್ಲ. ಆದರೆ ಓಟಕ್ಕೆ ಈಜುಕೊಳ ಬೇಕಿಲ್ಲ. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ ಎಂಬುವರು 1920ರಲ್ಲಿಯೇ ಆಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟದಲ್ಲಿ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಆ ಕಾಲದಲ್ಲಿ ಅವರಿಗೆ ಎಂಥ ಸೌಕರ್ಯ ಇದ್ದೀತು? ಊರ ಹಿರಿಯರು ಒಂದು ತುಂಡು ಬಯಲನ್ನು ಒತ್ತುವರಿಯಾಗದಂತೆ ಮಕ್ಕಳ ಆಟಕ್ಕೆ ಉಳಿಸಿಕೊಟ್ಟರೆ ಅದೇ ದೊಡ್ಡ ದಾಸೋಹ. ಆದರೆ ಮಕ್ಕಳೇ, ಈಜು ಕಲಿಯುವ ಹುಮ್ಮಸ್ಸಿನಲ್ಲಿ ಹಿರಿಯರಿಲ್ಲದೆ ಕಾಲುವೆಗೆ, ಹೊಳೆಗೆ ಇಳಿಯಬೇಡಿರಿ. ಇದು ನಮ್ಮ ಆಜ್ಞೆಯೆಂದೇ ತಿಳಿಯಿರಿ.

ತಂದೆತಾಯಿಗಳಿಗೆ ಎರಡು ಮಾತು. ಹದಿನಾಲ್ಕು ತುಂಬದ ಮಗುವನ್ನು ಕೂಲಿಗೆ ಹಚ್ಚುವುದನ್ನು ಕಾಯಿದೆಯೂ ನಿಷೇಧಿಸಿದೆ. ಹದಿನೆಂಟು ತುಂಬದ ಹೆಣ್ಣುಮಗಳ ಮದುವೆಯೂ ಅಪರಾಧವೇ. ಆದರೆ ನಾವು ಕಾಯಿದೆಯ ಭಯದಿಂದ ಹೇಳುತ್ತಿಲ್ಲ, ಧರ್ಮದ ದೃಷ್ಟಿಯಿಂದ ಹೇಳುತ್ತಿದ್ದೇವೆ. ಗಂಡುಮಗ ಓಡಿ ಬಹುಮಾನ ತಂದರೆ ಊರಿಗೆಲ್ಲ ತೋರಿಸುವಿರಿ. ಹೆಣ್ಣುಮಗಳು ಓಡಿದರೆ 'ಇನ್ನು ಸಾಕು, ದೊಡ್ಡವಳಾದಳು' ಎನ್ನುವಿರಿ. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗದೀಕ್ಷೆ ಕೊಟ್ಟ ಶರಣರ ಮಕ್ಕಳಿಗೆ ಈ ಭೇದ ಸಲ್ಲದು. ಶಾಲೆ ಬಿಡಿಸಿದ ಹುಡುಗಿಯ ಕಾಲಿನ ಓಟ ನಿಂತರೆ, ಆಕೆಯ ಬಾಳಿನ ಓಟವೂ ಅಲ್ಲಿಗೇ ನಿಲ್ಲುತ್ತದೆ.

ಮಕ್ಕಳಿಗೂ ಒಂದು ಮಾತು. ಆಟವೆಂದು ಪಾಠವನ್ನು ಬಿಡಬಾರದು. ಮನೆಯ ಸಣ್ಣಪುಟ್ಟ ಕೆಲಸಕ್ಕೆ ನಾಚಬಾರದು. ದನಕ್ಕೆ ಮೇವು ಹಾಕಿದರೆ, ತಾಯಿಗೆ ಒಂದು ಕೊಡ ನೀರು ತಂದುಕೊಟ್ಟರೆ ಕ್ರೀಡಾಪಟುವಿನ ಗೌರವ ಕಡಿಮೆಯಾಗದು. ನಸುಕಿನಲ್ಲಿ ಎದ್ದು, ಮಿಂದು, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ದಿನವನ್ನು ಆರಂಭಿಸಿರಿ. ಗೆದ್ದಾಗ ಸೋತವನ ಕೈ ಹಿಡಿಯಿರಿ. ಸೋತಾಗ ಗೆದ್ದವನನ್ನು ಹೊಗಳಿರಿ. ಇಷ್ಟು ಬಂದರೆ ಪದಕ ಬಾರದಿದ್ದರೂ ನೀವು ಗೆದ್ದವರೇ. ಆಟದ ಬಲದಿಂದ ರೈಲ್ವೆಯಲ್ಲಿ, ಪೊಲೀಸು ಇಲಾಖೆಯಲ್ಲಿ ಕೆಲಸ ಪಡೆದವರೂ ಉಂಟು. ಅದು ಬಂದರೆ ಬರಲಿ. ಹೊಲಕ್ಕೇ ಮರಳಿದರೂ ಗಟ್ಟಿಯಾದ ಮೈ, ನೇರವಾದ ಮನಸ್ಸು ನಿಮ್ಮ ಜೊತೆಗಿರುತ್ತವೆ. ಅವನ್ನು ಯಾರೂ ಕಸಿದುಕೊಳ್ಳಲಾರರು.

ಈ ಊರಿನ ಮಕ್ಕಳಿಗೆ ಪರಶಿವನು ಆಯುರಾರೋಗ್ಯವನ್ನೂ, ಹಿರಿಯರಿಗೆ ಕಾಯುವ ತಾಳ್ಮೆಯನ್ನೂ ಕರುಣಿಸಲೆಂದು ಹಾರೈಸಿ ನಮ್ಮ ನುಡಿಗಳಿಗೆ ವಿರಾಮ ಕೊಡುತ್ತೇವೆ. ಎಲ್ಲರಿಗೂ ಮಂಗಳವಾಗಲಿ.