ಆ ‘ಆಮೆನ್’ ನಿಮ್ಮದು
(ಪರಮ ಪ್ರಸಾದದ ಮಹೋತ್ಸವದ ಪ್ರಬೋಧನೆ)



ನಂದಗುಡಿ ಸುತ್ತಿನ ಹಳ್ಳಿಗಳಿಂದ ಬಂದಿರುವ ನಿಮ್ಮಲ್ಲಿ ಅನೇಕರು ಬೆಳಿಗ್ಗೆ ಡೇರಿಗೆ ಹಾಲು ಹಾಕಿಯೇ ಪೂಜೆಗೆ ಬಂದಿದ್ದೀರಿ. ಡೇರಿಯ ಕ್ಯಾನು ಒಂದೇ ಮನೆಯ ಹಾಲಿನಿಂದ ತುಂಬುವುದಿಲ್ಲ. ಎರಡು ಲೀಟರ್ ಹಾಕುವವರ ಹಾಲೂ ಅದರಲ್ಲಿ ಸೇರಿರುತ್ತದೆ. ಬಲಿಪೂಜೆಯೂ ಹಾಗೆಯೇ. ಅದು ಗುರುಗಳೊಬ್ಬರದಲ್ಲ, ಇಡೀ ಸಭೆಯದು.

ಆದರೂ ನಾವು “ಪೂಜೆ ನೋಡಿಕೊಂಡು ಬಂದೆ” ಎನ್ನುತ್ತೇವೆ. ಹಿಂದೆ ಪೂಜೆ ಲತೀನ್ ಭಾಷೆಯಲ್ಲಿತ್ತು. ಜನರ ಪರವಾಗಿ ಪೀಠಬಾಲಕನೇ ಉತ್ತರ ಹೇಳುತ್ತಿದ್ದ. ಜನ ಜಪಸರ ಹಿಡಿದು ಕೂರುತ್ತಿದ್ದರು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ಸಂವಿಧಾನವನ್ನು ಅಂಗೀಕರಿಸಿತು. ಪರವಾಗಿ 2147 ಮತ, ವಿರುದ್ಧ ನಾಲ್ಕೇ. ಭಕ್ತರು ಮೂಕಪ್ರೇಕ್ಷಕರಾಗಿ ಇರಬಾರದು, ಅರಿತು ಪಾಲ್ಗೊಳ್ಳುವುದು ದೀಕ್ಷಾಸ್ನಾನದಿಂದ ಬಂದ ಹಕ್ಕು ಮತ್ತು ಕರ್ತವ್ಯ ಎಂದು ಅದು ಬೋಧಿಸಿತು. ನಮ್ಮ ಕನ್ನಡ ಪೀಠಕ್ಕೇರಿದ್ದು ಅದರ ನಂತರವೇ.

ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. ಒಂದು ಹಬ್ಬದ ದಿನ, ಕೀಬೋರ್ಡು, ದೊಡ್ಡ ಸ್ಪೀಕರುಗಳ ಗಾನವೃಂದ. ಪರಮ ಪ್ರಸಾದದ ಪ್ರಾರ್ಥನೆ ಮುಗಿಸಿ ಅಪ್ಪವನ್ನೂ ಪಾತ್ರೆಯನ್ನೂ ಎತ್ತಿ ಹಿಡಿದೆ. ‘ಆಮೆನ್’ ಅನ್ನು ಗಾನವೃಂದವೇ ಹಾಡಿ ಮುಗಿಸಿತು. ಜನರ ತುಟಿ ಅಲುಗಲಿಲ್ಲ. ಹಾಡು ನಿಂತ ಮೇಲೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ಗಟ್ಟಿಯಾಗಿ “ಆಮೆನ್” ಎಂದರು. ಕೆಲವರು ನಕ್ಕರು. ನಾನು ತಲೆ ತಗ್ಗಿಸಿದೆ. ಜನರನ್ನು ಸುಮ್ಮನಿರಲು ಕಲಿಸಿದವನು ನಾನೇ.

ಅಪ್ಪ ದ್ರಾಕ್ಷಾರಸಗಳ ಪವಿತ್ರೀಕರಣ ಯಾಜಕನ ಸೇವೆ, ನಿಜ. ಆದರೆ ಆ ಪ್ರಾರ್ಥನೆಗೆ ಒಪ್ಪಿಗೆಯ ಮುದ್ರೆ ಒತ್ತುವವರು ನೀವು. ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನ್ ಪೂಜೆಯನ್ನು ವರ್ಣಿಸುವಾಗ ಜನರ ‘ಆಮೆನ್’ ಅನ್ನು ಮರೆಯದೆ ಬರೆದರು. ರೋಮಿನ ಭಕ್ತರ ‘ಆಮೆನ್’ ಗುಡುಗಿನಂತೆ ಮೊಳಗುತ್ತದೆ ಎಂದರು ಸಂತ ಜೆರೋಮ್. ಮಳೆಗಾಗಿ ಮುಗಿಲು ನೋಡುವ ನಮಗೆ ಗುಡುಗಿನ ಬೆಲೆ ಗೊತ್ತು!

ಆದರೆ ಬಾಯಿ ದೊಡ್ಡದು ಮಾಡಿದರೆ ಸಾಲದು. ಬದುವಿನ ಜಗಳಕ್ಕೆ ಮಾತು ಬಿಟ್ಟ ಅಣ್ಣ ಆ ಬೆಂಚಿನಲ್ಲಿ, ತಮ್ಮ ಈ ಬೆಂಚಿನಲ್ಲಿ. ಇಬ್ಬರೂ ಒಂದೇ ಶರೀರಕ್ಕೆ ‘ಆಮೆನ್’ ಎನ್ನುತ್ತಾರೆ. ಮನೆಗೆ ಹೋದ ಮೇಲೆ ಆ ಮಾತನ್ನು ಉಳಿಸಿಕೊಳ್ಳುವವರು ಯಾರು? ಅದನ್ನು ನಿಮ್ಮ ಪರವಾಗಿ ಗುರುಗಳೂ ಹೇಳಲಾರರು, ಗಾನವೃಂದವೂ ಹಾಡಲಾರದು.

ಇನ್ನು ಸ್ವಲ್ಪ ಹೊತ್ತಿಗೆ ಪಾತ್ರೆಯನ್ನು ಎತ್ತಿ ಹಿಡಿಯುತ್ತೇನೆ. ಇಂದು ಸ್ಪೀಕರು ಮೌನವಾಗಿರುತ್ತದೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತೇನೆ.